ಕಂಪನ ಸೆನ್ಸರ್‌ಗೆ ಒಂದೇ ಹನಿ ಅಂಟು ಸಾಕು

ಮೋಟಾರಿಗೆ ಸೆನ್ಸರ್ ಅಂಟಿಸುವಾಗ ಬೀಳದಿದ್ದರೆ ಸಾಕೆಂದು ಅಂಟನ್ನು ಧಾರಾಳವಾಗಿ ಮೆತ್ತುವವರೇ ಹೆಚ್ಚು. ಆದರೆ ಸೆನ್ಸರ್‌ಗೂ ಲೋಹಕ್ಕೂ ನಡುವೆ ಕೂತ ಅಂಟು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಪದರ ದಪ್ಪವಾದಷ್ಟೂ, ಮೆತ್ತಗಿದ್ದಷ್ಟೂ ಹೆಚ್ಚು ಆವರ್ತನದ ಕಂಪನ ಅಲ್ಲೇ ಇಂಗಿಹೋಗುತ್ತದೆ.

1440 ಆರ್‌ಪಿಎಂ ಮೋಟಾರ್ ಸೆಕೆಂಡಿಗೆ 24 ಸುತ್ತು ಸುತ್ತುತ್ತದೆ. ಅದರಲ್ಲಿ 6205 ನಂಬರಿನ ಬೇರಿಂಗ್ ಇದ್ದರೆ ಹೊರ ರೇಸಿನ, ಅಂದರೆ ಹೊರ ಬಳೆಯ, ದೋಷ ಸುಮಾರು 86 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 86 ಪೆಟ್ಟಾಗಿ ಬೀಳುತ್ತದೆ. ನೋಡಬೇಕಾದ್ದು ಅಷ್ಟೇ ಆಗಿದ್ದರೆ ಫೋಮ್ ಟೇಪೂ ನಡೆಯುತ್ತಿತ್ತು. ಆದರೆ ಈಗಷ್ಟೇ ಹಾಳಾಗತೊಡಗಿದ ಬೇರಿಂಗಿನ ಒಂದೊಂದು ಪೆಟ್ಟೂ ಹೌಸಿಂಗನ್ನು, ಅಂದರೆ ಬೇರಿಂಗ್ ಕೂತ ಲೋಹದ ಕವಚವನ್ನು, ಗಂಟೆಯಂತೆ ಬಾರಿಸುತ್ತದೆ, ಅದೂ ಹಲವು ಕಿಲೋಹರ್ಟ್ಸ್‌ನಲ್ಲಿ. ಹೆಚ್ಚು ಆವರ್ತನದ ಸದ್ದಿನ ಏರಿಳಿತದಿಂದ ಪೆಟ್ಟುಗಳನ್ನು ಪತ್ತೆಹಚ್ಚುವ ಎನ್ವಲಪ್ ವಿಧಾನ ಹುಡುಕುವುದು ಆ ಸದ್ದನ್ನೇ. ಅಂಟು ಅರ್ಧ ಬಿಟ್ಟಿದ್ದರೆ ಗ್ರಾಫಿನಲ್ಲಿ ಬೇರಿಂಗ್ ತಾನಾಗಿಯೇ ವಾಸಿಯಾದಂತೆ ಕಾಣುತ್ತದೆ!

ಜಾಗ ಬೇರಿಂಗ್ ಹೌಸಿಂಗ್ ಮೇಲೇ ಇರಲಿ. ಕೂಲಿಂಗ್ ಫಿನ್ ಮೇಲೂ ಬೇಡ, ಫ್ಯಾನ್ ಕವರ್ ಮೇಲಂತೂ ಬೇಡವೇ ಬೇಡ; ಅವು ತಮ್ಮದೇ ತಾಳಕ್ಕೆ ಕುಣಿಯುತ್ತವೆ. ಬಣ್ಣವನ್ನು ಪೂರ್ತಿ ಕೆರೆದು ತೆಗೆಯಿರಿ. ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಹಳೆಯ ಯಂತ್ರಗಳಲ್ಲಿ ಮೂರು ನಾಲ್ಕು ಕೋಟ್ ಬಣ್ಣ, ಅದರಡಿ ಪುಟ್ಟಿ ಇರುವುದು ಮಾಮೂಲು. ಅದರ ಮೇಲೆ ಅಂಟಿಸಿದರೆ ಸೆನ್ಸರ್ ಅಳೆಯುವುದು ಪುಟ್ಟಿಯನ್ನು. ಬರಿ ಲೋಹ ಕಂಡ ಮೇಲೆ 120 ನಂಬರಿನ ಎಮರಿ ಪೇಪರ್‌ನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಬಟ್ಟೆಯಲ್ಲಿ ಕಪ್ಪು ಬರುವುದು ನಿಲ್ಲುವವರೆಗೂ ಹೊಸ ಬಟ್ಟೆ ತೆಗೆದುಕೊಳ್ಳಿ. ಪೇಂಟ್ ಥಿನ್ನರ್ ಎಣ್ಣೆಯ ಪೊರೆ ಉಳಿಸಬಹುದು, ಅದನ್ನು ನಂಬಬೇಡಿ. ಉಜ್ಜಿದ ಎರಕದ ಕಬ್ಬಿಣ ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿಯುತ್ತದೆ, ಹಾಗಾಗಿ ಕೂಡಲೇ ಅಂಟಿಸಿ.

ಇನ್ನು ಅಂಟಿನ ಲೆಕ್ಕ. ಲೋಹಕ್ಕೆ ಅಂಟಿಸುವುದು ಪ್ಯಾಡನ್ನು, ಅಂದರೆ ಸೆನ್ಸರನ್ನು ತಿರುಗಿಸಿ ಕೂರಿಸುವ ಲೋಹದ ಬಿಲ್ಲೆಯನ್ನು. 25 ಮಿಲಿಮೀಟರ್ ವ್ಯಾಸದ ಪ್ಯಾಡಿಗೆ 0.1 ಮಿಲಿಮೀಟರ್ ಪದರ ಬೇಕೆಂದರೆ 0.05 ಮಿಲಿಲೀಟರ್, ಅಂದರೆ ಒಂದೇ ಹನಿ. ನಡುವೆ ಹಾಕಿ, ಗಟ್ಟಿಯಾಗಿ ಒತ್ತಿ, ಒಂದು ನಿಮಿಷ ಅಲುಗಿಸದೆ ಹಿಡಿಯಿರಿ. ನೀರಿನಂತಹ ಫೆವಿಕ್ವಿಕ್ ಗೋಡೆಯಂತೆ ನೆಟ್ಟಗಿನ ಮೇಲ್ಮೈಯಲ್ಲಿ ಸೋರಿಹೋಗುತ್ತದೆ, ಅಲ್ಲಿಗೆ ಅದೇ ಜಾತಿಯ ಅಂಟಾದ ಸಯನೋಆಕ್ರಿಲೇಟ್ ಜೆಲ್ ರೂಪದಲ್ಲಿದ್ದರೆ ಮೇಲು. ಈ ಅಂಟು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಮಾರ್ಚ್ ಮಧ್ಯಾಹ್ನದ ಬೆಂಗಳೂರಿನ ಒಣ ಹವೆಯಲ್ಲಿ ಅದು ನಿಧಾನ. ಜುಲೈನಲ್ಲಿ ಕೂರಿಸುವ ಮೊದಲೇ ಹಿಡಿದುಕೊಳ್ಳಬಹುದು. ಫ್ರಿಜ್‌ನಲ್ಲಿಟ್ಟ ಟ್ಯೂಬನ್ನು ಕೋಣೆಯ ಬಿಸಿಗೆ ಬಂದ ಮೇಲೆಯೇ ತೆರೆಯಿರಿ, ಇಲ್ಲವಾದರೆ ಒಳಗೆ ಇಬ್ಬನಿ ಕೂರುತ್ತದೆ.

ಹೌಸಿಂಗ್ 80 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತಿದ್ದರೆ, ಕೂಲೆಂಟ್ ಚಿಮ್ಮುವಂತಿದ್ದರೆ, ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಅಂಟೇ ಗತಿ. ಅರಾಲ್ಡೈಟ್ ಮಾದರಿಯದಾದರೆ ಒಂದು ದಿನ ಬಿಟ್ಟು ಯಂತ್ರ ಓಡಿಸಿ. ಮೇಣ ಬೇಗ ಬಿಡಿಸಲು ಅನುಕೂಲ, ಆದರೆ 40 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಓಡುವ ಮೋಟಾರಿಗೆ ಅದು ಸಲ್ಲದು.

ಪ್ಯಾಡನ್ನು ಮಾತ್ರ ಮೊದಲು ಅಂಟಿಸಿ. ಅದು ಪೂರ್ತಿ ಗಟ್ಟಿಯಾದ ಮೇಲೆ, ಪ್ಯಾಡನ್ನು ಒಂದು ಸ್ಪಾನರ್‌ನಲ್ಲಿ ಹಿಡಿದು ಇನ್ನೊಂದರಲ್ಲಿ ಸೆನ್ಸರ್ ತಿರುಗಿಸಿ. ಹಾಗೆ ಹಿಡಿಯದಿದ್ದರೆ ಬಿಗಿಸುವ ಬಲವೆಲ್ಲ ಅಂಟಿನ ಮೇಲೆ ಬೀಳುತ್ತದೆ. ಕೇಬಲನ್ನು ಸೆನ್ಸರ್‌ನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಕಟ್ಟಿಹಾಕಿ, ತೂಗಾಡುವ ಕೇಬಲ್ ತನ್ನದೂ ಒಂದಿಷ್ಟು ಸಿಗ್ನಲ್ ಸೇರಿಸುತ್ತದೆ.

ಸಯನೋಆಕ್ರಿಲೇಟ್ ಬಿಡಿಸುವಾಗ ಮೊದಲು ಸೆನ್ಸರನ್ನು ಕಳಚಿಡಿ, ಆಗಲೂ ಪ್ಯಾಡ್ ಹಿಡಿದೇ. ಆಮೇಲೆ ಪ್ಯಾಡಿನ ಅಂಚಿಗೆ ಅಸಿಟೋನ್ ಬಿಟ್ಟು, ಕೆಲವು ನಿಮಿಷ ಕಾದು, ಸ್ಪಾನರ್‌ನಿಂದ ನಿಧಾನವಾಗಿ ತಿರುಚಿ. ಸೆನ್ಸರ್ ಕಳಚದೆ ಇರುವಾಗಂತೂ ಸುತ್ತಿಗೆ ದೂರವಿರಲಿ. ಲೋಹಕ್ಕೆ ಲೋಹ ತಾಗಿದ ಒಂದು ಪೆಟ್ಟು ಸಾವಿರಾರು ಜಿ, ಅಂದರೆ ಗುರುತ್ವ ವೇಗೋತ್ಕರ್ಷದ ಸಾವಿರಾರು ಪಟ್ಟು, ಮುಟ್ಟಬಹುದು; ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಒಳಗಿನ ಪೀಜೋ ಹರಳು ಬಿರುಕು ಬಿಡಬಹುದು. ಪ್ಯಾಡಿನಡಿ ಉಳಿದ ಅಂಟನ್ನು ಅಸಿಟೋನ್‌ನಲ್ಲಿ ನೆನೆಸಿ ಬ್ಲೇಡಿನಿಂದ ಕೆರೆಯಿರಿ. ಅರ ಹಾಕಿದರೆ ಅದರ ಸಮತಲ ಕೆಟ್ಟು, ಮುಂದಿನ ಬಾರಿ ಒಂದು ಹನಿ ಸಾಲುವುದಿಲ್ಲ.