ಸ್ಟೋ ಸೌಂಡಿಗೆ ಮಾವ ನೀರು ಬಿಡ್ಲಿಕ್ಕೆ ಎದ್ದ ಕಥಿ: ಬೀದರ್, ಚಿಂಚೋಳಿ ಕ್ಯಾಂಪ್

ಡಿಸೆಂಬರಿನಾಗ ನಾವು ಮೂರು ಮಂದಿ ಎರಡು ಬೈಕ್ ತಗೊಂಡು ಕಲಬುರಗಿಯಿಂದ ಹುಮನಾಬಾದ್ ಮ್ಯಾಲಿಂದ ಬೀದರ್‌ಗೆ ಹೋಗಿ, ಅಲ್ಲಿ ಒಂದು ರಾತ್ರಿ, ಚಿಂಚೋಳಿ ಕಡಿ ಇನ್ನೊಂದು ರಾತ್ರಿ ಟೆಂಟ್ ಹಾಕಿ ವಾಪಸ್ ಬಂದ್ವಿ. ರೂಟ್ ಹೆಂಗದ, ರೋಡ್ ಹೆಂಗದ ಅಂತ ಕೇಳೋರು ಭಾಳ ಮಂದಿ ಇದ್ದಾರ, ಆದ್ರ ನಮಗ ಆ ಟ್ರಿಪ್‌ನಾಗ ತ್ರಾಸ ಕೊಟ್ಟಿದ್ದು ರೋಡೂ ಅಲ್ಲ ಥಂಡಿನೂ ಅಲ್ಲ, ಪೆಟ್ರೋಲ್ ಸ್ಟೋದ ಸೌಂಡು. ಅದಕ್ಕ ಅದರ ಬಗ್ಗೆನೇ ಜಾಸ್ತಿ ಬರಿತೀನಿ.

ಮೊದ್ಲು, ಪೆಟ್ರೋಲ್ ಸ್ಟೋ ಯಾಕ ಅಂತ ಕೇಳ್ತೀರಿ. ಸ್ಕ್ರೂ ಹಾಕೋ ಸಣ್ಣ ಗ್ಯಾಸ್ ಡಬ್ಬಿ ನಮ್ ಕಡಿ ಅಂಗಡಿಗಳಾಗ ಸಿಗೂದಿಲ್ಲ, ಆನ್‌ಲೈನ್ ತರಿಸಿದ್ರ ಟೈಮಿಗೆ ಬರ್ತದೋ ಇಲ್ಲೋ. ಪೆಟ್ರೋಲಾದ್ರ ಬೈಕಿನ ಟ್ಯಾಂಕಿನಾಗೇ ಅದ, ಸ್ಟೋದ ಲೋಹದ ಬಾಟ್ಲಿಗೆ ಅರ್ಧ ಲೀಟರ್ ಇಳಿಸ್ಕೊಂಡ್ರ ಮೂರು ಮಂದಿಗೆ ಎರಡು ದಿನದ ಚಾ, ಅಡಗಿ ಎಲ್ಲಾ ಆಗ್ತದ. ಬಾಟ್ಲಿ ತುಂಬ ತುಂಬಿಸಬ್ಯಾಡ್ರಿ, ಮುಕ್ಕಾಲು ಸಾಕು, ಉಳಿದ ಜಾಗಾ ಗಾಳಿಗೆ ಬೇಕು, ಇಲ್ಲಂದ್ರ ಪಂಪ್ ಹೊಡೆದ್ರೂ ಪ್ರೆಷರ್ ನಿಲ್ಲಂಗಿಲ್ಲ. 2017ರಿಂದ ಕಲಬುರಗಿ-ಬೀದರ್ ರೈಲು ಅದ ಅಂತ ಅದರಾಗ ಹೋಗೋ ಪ್ಲಾನ್ ಇದ್ರ ಬಾಟ್ಲಿ ಖಾಲಿ ಮಾಡಿ, ತೊಳೆದು, ಬಿಸಿಲಿಗೆ ಒಣಗಿಸಿ ಒಯ್ರಿ, ರೈಲಿನಾಗ ಪೆಟ್ರೋಲ್, ಘಾಸ್ಲೇಟ್ ಒಯ್ಯೂದು ಕಾನೂನು ಪ್ರಕಾರ ಅಪರಾಧ.

ಈಗ ಮೊದ್ಲನೇ ರಾತ್ರಿ. ಬೀದರ್‌ನಾಗ ಕೋಟಿ ನೋಡಿದ್ವಿ, ಮಹಮೂದ್ ಗವಾನ್ ಮದರಸಾ ನೋಡಿದ್ವಿ (1472ರದ್ದು, ಆ ನೀಲಿ ಹೆಂಚಿನ ಕೆಲಸ ಇನ್ನೂ ಅಷ್ಟಿಷ್ಟು ಉಳಿದದ), ಸಂಜಿಮುಂದ ಗೆಳೆಯನ ಮಾವನ ಹೊಲಕ್ಕ ಬಂದ್ವಿ. ಅಷ್ಟೂರಿನ ಬಹಮನಿ ಗುಂಬಜ್‌ಗಳು ಅಲ್ಲಿಂದ ಹತ್ರ, ಮುಂಜಾನಿ ಸೂರ್ಯ ಹುಟ್ಟೋದ್ರಾಗ ಅಲ್ಲಿರಬೇಕು ಅಂತ ನಮ್ಮ ಆಸೆ. ಹಂಗಾಗಿ ನಸುಕಿನ್ಯಾಗ ಐದು ಗಂಟೆಗೆ ಎದ್ದು ಮನಿ ಮುಂದಿನ ಕಟ್ಟಿ ಮ್ಯಾಲ ಸ್ಟೋ ಇಟ್ಟು ಚಾ ಮಾಡ್ಲಿಕ್ಕೆ ಶುರು ಮಾಡಿದ್ವಿ. ಕಟ್ಟಿಗೆ ಹಾಸಿದ್ದು ಶಹಾಬಾದ್ ಪರಸಿ, ಹಿಂದ ಮನಿ ಗ್ವಾಡಿ, ಮ್ಯಾಲ ತಗಡಿನ ಚಪ್ಪರ. ಈಗ ಯೋಚನೆ ಮಾಡಿದ್ರ ಬೇಕಂತ್ಲೇ ಸೌಂಡ್ ಜಾಸ್ತಿ ಮಾಡೋ ಜಾಗಾನೇ ಹುಡುಕಿದಂಗ ಇತ್ತು. ಸ್ಟೋ ಕಾಯ್ದು ಪೂರಾ ಹತ್ತಿದ ಮ್ಯಾಲ ಬರ್ರ್ರ್ರ್ ಅಂತ ಶುರು ಆಯ್ತು ನೋಡ್ರಿ, ನಾಯಿ ಬೊಗಳ್ಲಿಕತ್ತು, ಕೊಟ್ಟಿಗಿ ಎಮ್ಮಿ ಹಗ್ಗ ಜಗ್ಗಲಿಕತ್ತು, ಒಂದ್ ನಿಮಿಷದಾಗ ಮಾವ ಕಂಬಳಿ ಹೊದ್ಕೊಂಡು, ಹೆಗಲ ಮ್ಯಾಲ ಸಲಿಕಿ ಇಟ್ಕೊಂಡು ಹೊರಗ ಬಂದ. ತ್ರೀ ಫೇಸ್ ಕರೆಂಟ್ ಬಂತು, ಯಾರೋ ಮೋಟರ್ ಚಾಲೂ ಮಾಡ್ಯಾರ ಅಂತ ತಿಳ್ಕೊಂಡು ಕಡ್ಲಿಗೆ ನೀರು ಬಿಡ್ಲಿಕ್ಕೆ ಹೊಂಟಿದ್ದ! ನಮ್ಮ ಸಣ್ಣ ಸ್ಟೋ ನೋಡಿ ಒಂದೇ ಮಾತು ಅಂದ, "ಇಷ್ಟ್ ಸಣ್ ಸಾಮಾನಿಗೆ ಇಷ್ಟ್ ದೊಡ್ ಬಾಯಿ ಯಾಕ?"

ಆ ಪ್ರಶ್ನೆಗೆ ಉತ್ತರ ಊರಿಗೆ ಬಂದ ಮ್ಯಾಲ ಕೂತು ತಿಳ್ಕೊಂಡೆ. ಬಾಟ್ಲಿಯಾಗಿನ ಪ್ರೆಷರ್‌ಗೆ ಪೆಟ್ರೋಲ್ ಕಾಯ್ದ ಪೈಪಿನ್ಯಾಗ ಹೋಗಿ ಆವಿ ಆಗ್ತದ, ಆ ಆವಿ ಜೆಟ್‌ನ ಸೂಜಿ ತೂತಿನಿಂದ ಭಾಳ ಜೋರಲೆ ಹೊರಗ ಬೀಳ್ತದ, ಬೀಳ್ತಾ ಬೀಳ್ತಾ ಸುತ್ತಲಿನ ಗಾಳಿ ಎಳ್ಕೊಂಡು ಹೋಗಿ ಮ್ಯಾಲಿನ ಬಿಲ್ಲಿ ಅಥವಾ ತಟ್ಟಿಗೆ ಬಡಿತದ. ಅಲ್ಲಿ ಸುಳಿ ಸುಳಿಯಾಗಿ ಉರಿತದಲ್ಲ, ಅದೇ ಆ ಗರ್ಜನೆ. ಕೆಟ್ಟು ಹೋದ ಸ್ಟೋ ಅಲ್ಲ ಅದು, ಛಲೋ ನಡಿಲಿಕತ್ತದ ಅಂತ ಅರ್ಥ. ಸ್ವೀಡನ್ನಿನ ಪ್ರೈಮಸ್ ಸ್ಟೋ 1892ರಾಗ ಬಂದಾಗಿಂದ ಈ ಪಂಪ್ ಸ್ಟೋಗಳ ತತ್ವ ಇದೇ, ನಮ್ಮ ಅಜ್ಜಿ ಹಿತ್ತಾಳಿ ಸ್ಟೋನೂ ಇದೇ ಜಾತಿ. ಇನ್ನೊಂದು ನಮೂನಿ ಬರ್ನರ್ ಅದ, ಸೈಲೆಂಟ್ ಬರ್ನರ್ ಅಂತಾರ, ಅದ್ರಾಗ ಆವಿ ಮತ್ತ ಗಾಳಿ ಒಂದು ಟೋಪಿ ಒಳಗ ಕೂಡಿ ನೂರಾರು ಸಣ್ಣ ತೂತಿನಿಂದ ಸಣ್ಣ ಸಣ್ಣ ನೀಲಿ ಜ್ವಾಲಿ ಆಗಿ ಹೊರಗ ಬರ್ತದ. ಜೋರಲೆ ಬಡಿಯೂದು ಇಲ್ಲ, ಸೌಂಡೂ ಇಲ್ಲ, ಖಾಲಿ ಸ್ಸ್ಸ್ ಅಂತದ ಅಷ್ಟೇ.

ಆದ್ರ ಆವತ್ತ ನಮ್ ಹತ್ರ ಟೋಪಿ ಗೀಪಿ ಏನೂ ಇರ್ಲಿಲ್ಲ, ಎರಡನೇ ರಾತ್ರಿ ಇದ್ದದ್ದರಾಗೇ ಹೊಂದಿಸಬೇಕಿತ್ತು. ಚಿಂಚೋಳಿ ಅಭಯಾರಣ್ಯ 2011ರಾಗ ಘೋಷಣೆ ಆಗಿದ್ದು, ಚಂದ್ರಂಪಳ್ಳಿ ಡ್ಯಾಮ್ ಸುತ್ತಲಿನ ಗುಡ್ಡ ಕಾಡು ನೋಡಿದ್ರ ಇದು ನಮ್ ಬಿಸಿಲು ಜಿಲ್ಲೆನೇ ಹೌದೇನು ಅನಿಸ್ತದ. ಅಲ್ಲಿ ಕಾಡಿನ ಒಳಗ ಎಲ್ಲಿ ಬೇಕಲ್ಲಿ ಟೆಂಟ್ ಹಾಕೂದು, ಬೆಂಕಿ ಹಚ್ಚೂದು ಮಾಡಬ್ಯಾಡ್ರಿ. ಒಳಗ ಉಳಿಯೂದಿದ್ರ ಅರಣ್ಯ ಇಲಾಖೆಯವರನ್ನ ಮೊದ್ಲೇ ಕೇಳ್ರಿ, ನಾವು ಹೊರಗ ಪರಿಚಯದವರ ಹೊಲದಾಗ ಉಳಿದ್ವಿ. ಡಿಸೆಂಬರ್ ಅಂದ್ರ ತೊಗರಿ ಒಣಗಿ ಕೊಯ್ಲಿಗೆ ಬಂದಿರ್ತದ, ಒಂದು ಕಿಡಿ ಬಿದ್ರ ಒಂದು ಮನಿತನದ ವರ್ಷದ ದುಡಿಮಿ ಹೋಗ್ತದ, ಸ್ಟೋ ಹಚ್ಚೂ ಜಾಗಾ ಆರಿಸಬೇಕಾದ್ರ ಸೌಂಡಿಗಿಂತ ಮೊದ್ಲು ಇದು ನೋಡ್ರಿ. ನಾವು ಉತ್ತಿದ ಖಾಲಿ ಕರಿ ಮಣ್ಣಿನಾಗ ಹೆಂಟಿ ಸರಿಸಿ ಜಾಗಾ ಮಾಡಿದ್ವಿ. ಹಿಂಗ ಮಾಡಿದ್ದಕ್ಕ ಇನ್ನೊಂದು ಫಾಯ್ದೆ ಆಯ್ತು, ಮೆತ್ತನ ಮಣ್ಣಿನ ಮ್ಯಾಲ ಅದೇ ಸ್ಟೋ ಪರಸಿ ಮ್ಯಾಲಿನಷ್ಟು ಒದರಲಿಲ್ಲ. ಸುತ್ತ ಗ್ವಾಡಿ ಇಲ್ಲ, ತಗಡಿಲ್ಲ, ತಿರುಗಿ ಬಡಿಯೋ ಸೌಂಡ್ ಇಲ್ಲ. ಸ್ಟೋ ಅಲುಗಬಾರದು ಅಂತ ಕಾಲಿನ ತೆಳಗ ಒಂದು ಚಪ್ಪಟಿ ಕಟಿಗಿ ಹಲಿಗಿ ಇಟ್ಟಿದ್ವಿ.

ಗಾಳಿಗೆ ಮರಿ ಮಾಡ್ಲಿಕ್ಕೆ ಎಣ್ಣಿ ಡಬ್ಬಿ ಕತ್ತರಿಸಿದ ತಗಡು ಒಯ್ದಿದ್ವಿ, ಅದು ಸ್ಟೋಗಿಂತ ಜೋರಲೆ ಗಡಗಡ ಅನ್ಲಿಕತ್ತು. ತೆಗೆದು ಒಗದ್ವಿ. ಮಣ್ಣಿನ ಹೆಂಟಿ ಮೂರು ಕಡಿ ಒಟ್ಟಿದ್ರ ಅದೇ ಛಲೋ ಕೆಲಸ ಮಾಡ್ತದ. ಇಲ್ಲಿ ಒಂದ್ ಮಾತು ನೆನಪಿಡ್ರಿ, ಸೌಂಡ್ ಕಮ್ಮಿ ಆಗ್ಲಿ ಅಂತ ಸ್ಟೋ ಸುತ್ತ ಪೂರಾ ಮುಚ್ಚಬ್ಯಾಡ್ರಿ. ಬಾಟ್ಲಿ ಪೈಪಿನ ತುದಿಗೆ ದೂರ ಇರೋ ಸ್ಟೋ ಆದ್ರ ಬರ್ನರ್ ಸುತ್ತ ಮಾತ್ರ ಮರಿ ಮಾಡ್ರಿ, ಬಾಟ್ಲಿ ಮರಿಯಿಂದ ಹೊರಗೇ ಇರಬೇಕು, ಟ್ಯಾಂಕ್ ಬರ್ನರ್ ತೆಳಗೇ ಇರೋ ನಮೂನಿ ಆದ್ರ ಸುತ್ತ ಮುಚ್ಚೋ ವಿಚಾರನೇ ಬ್ಯಾಡ, ಟ್ಯಾಂಕ್ ಕಾಯ್ದು ಪ್ರೆಷರ್ ಏರಿದ್ರ ಅನಾಹುತ ಆಗ್ತದ. ನಮ್ಮಾಗ ಒಬ್ಬ ಟೆಂಟಿನ ಒಳಗ ಇಟ್ಟು ಹಚ್ಚೂನು, ಸೌಂಡ್ ಹೊರಗ ಹೋಗಂಗಿಲ್ಲ ಅಂದ. ಸೌಂಡ್ ಹೋಗಂಗಿಲ್ಲ ಖರೆ, ಕಾರ್ಬನ್ ಮೋನಾಕ್ಸೈಡೂ ಹೋಗಂಗಿಲ್ಲ, ಮುಂಜಾನಿ ನಾವೂ ಏಳಂಗಿಲ್ಲ.

ಉರಿ ಸಣ್ಣ ಮಾಡಿದ್ರ ಸೌಂಡ್ ಸಣ್ಣ ಆಗ್ತದ, ಹೌದು, ಆದ್ರ ಚಾ ಕುದಿಲಿಕ್ಕೆ ಡಬಲ್ ಟೈಮ್ ಹಿಡಿತದ, ಭಾಳ ಸಣ್ಣ ಮಾಡಿದ್ರ ಹಳದಿ ಉರಿ ಬಂದು ಪಾತ್ರಿ ಕರ್ರಗ ಆಗ್ತದ. ಐದು ನಿಮಿಷ ಜೋರಲೆ ಒದರಿ ಸುಮ್ನಾಗೂದು ಹತ್ತು ನಿಮಿಷ ಗುರ್ ಅನ್ನೂದಕ್ಕಿಂತ ಬೇಸ್ ಅಂತ ನನ್ನ ಲೆಕ್ಕ. ಹಂಗಾಗಿ ನಾವು ಮಾಡಿದ್ದು ಏನಂದ್ರ ಸ್ಟೋ ಹಚ್ಚೋ ಟೈಮನ್ನೇ ಕಮ್ಮಿ ಮಾಡಿದ್ವಿ. ರಾತ್ರಿ ಎಂಟಕ್ಕ, ಎಲ್ಲಾರೂ ಎಚ್ಚರ ಇದ್ದಾಗ, ಒಂದೇ ಸಲ ಹಚ್ಚಿ ಅಡಗಿ ಮುಗಿಸಿ, ಅದೇ ಉರಿ ಮ್ಯಾಲ ನೀರು ಕುದಿಸಿ ಒಂದು ಲೀಟರ್ ಫ್ಲಾಸ್ಕಿಗೆ ಹಾಕಿ ಇಟ್ವಿ. ಫ್ಲಾಸ್ಕಿಗೆ ಮೊದ್ಲು ಜರಾ ಬಿಸಿನೀರು ಹಾಕಿ ಚೆಲ್ಲಿ ಆಮ್ಯಾಲ ತುಂಬಿಸ್ರಿ, ನಸುಕಿನ ಐದರ ತನಕ ಬಿಸಿ ಇರ್ತದ. ಹಾಲು ಬ್ಯಾಡ, ಹಾಲು ಹಾಕಿದ ಚಾ ರಾತ್ರಿಯೆಲ್ಲಾ ಫ್ಲಾಸ್ಕಿನಾಗ ಇಟ್ರ ಹುಳಿ ವಾಸನಿ ಬರ್ತದ, ಬರೀ ನೀರು ಇಟ್ಟು ಮುಂಜಾನಿ ಚಾ ಪುಡಿ ಚೀಲ ಅದ್ದಿ ಹಾಲಿನ ಪುಡಿ ಕಲಸ್ರಿ. ನಮ್ ಅವ್ವ ಅದನ್ನ ಚಾ ಅಂತ ಒಪ್ಪಂಗಿಲ್ಲ, ಆದ್ರ ಮಾವ ಸಲಿಕಿ ಹಿಡ್ಕೊಂಡು ಬರಂಗಿಲ್ಲ.

ಅಡಗಿನೂ ಹಂಗೇ. ಮೊದ್ಲನೇ ರಾತ್ರಿ ನಾವು ದೊಡ್ಡಸ್ತನಕ್ಕ ತೊಗರಿ ಬ್ಯಾಳಿ ಪಾತ್ರ್ಯಾಗ ಬೇಯಿಸಲಿಕ್ಕೆ ಇಟ್ಟಿದ್ವಿ, ಕಲಬುರಗಿ ತೊಗರಿಗೆ ಜಿಐ ಟ್ಯಾಗ್ ಅದ ಅಂತ ಭಾಷಣ ಮಾಡ್ಕೋತ, ಮುಕ್ಕಾಲು ತಾಸು ಸ್ಟೋ ಒದರಿದ್ರೂ ಬ್ಯಾಳಿ ನೆಟ್ಟಗ ಕರಗಲಿಲ್ಲ, ಒಬ್ಬರಿಗೊಬ್ಬರು ಮಾತಾಡ್ಬೇಕಂದ್ರ ಒದರ್ಬೇಕು. ಬ್ಯಾಳಿನೇ ಬೇಕು ಅಂದ್ರ ಸಂಜಿ ಆಗೋದ್ರಾಗ ನೆನಿ ಹಾಕ್ರಿ, ಹತ್ತು ನಿಮಿಷ ಕುದಿಸಿ ಇಳಿಸಿ, ಮುಚ್ಚಳ ಗಟ್ಟಿ ಹಾಕಿ, ಕಂಬಳಿ ಸುತ್ತಿ ಒಂದು ತಾಸು ಇಡ್ರಿ, ತನ್ನಷ್ಟಕ್ಕ ತಾನೇ ಬೇಯ್ತದ. ಇಲ್ಲಂದ್ರ ಮನಿಯಿಂದ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಒಯ್ರಿ, ಸ್ಟೋ ಹಚ್ಚೋ ಕೆಲಸನೇ ಇಲ್ಲ. ಬಿಸಿದೇ ಬೇಕಂದ್ರ ಸುಸಲಾ, ಮಂಡಾಳ (ಮಂಡಕ್ಕಿ) ನೀರಾಗ ಅದ್ದಿ ಹಿಂಡಿ ಒಗ್ಗರಣಿಗೆ ಹಾಕಿದ್ರ ಐದು ನಿಮಿಷ ಉರಿ ಸಾಕು. ಕ್ಯಾಂಪಿಂಗ್‌ಗೆ ಸುಸಲಾದಂಥ ಊಟ ಇನ್ನೊಂದಿಲ್ಲ ಅನ್ನೂದು ನನ್ನ ಖಾಸಾ ಅಭಿಪ್ರಾಯ, ನೂಡಲ್ಸ್ ಮಂದಿ ಬೈಕೊಂಡ್ರೂ ಪರವಾಗಿಲ್ಲ.

ಜನವರಿಯಾಗ ಮತ್ತ ಚಿಂಚೋಳಿಗೆ ಹೋದಾಗ ಸೈಲೆಂಟ್ ಟೋಪಿ ತರಿಸ್ಕೊಂಡು ಹೋಗಿದ್ದೆ. ಕೆಲವು ಕ್ಯಾಂಪಿಂಗ್ ಸ್ಟೋಗಳಿಗೆ ಮ್ಯಾಲಿನ ತಟ್ಟಿ ತೆಗೆದು ಕೂಡಿಸೋ ಹಂಗ ಬೇರೆದವರು ಮಾಡಿ ಮಾರ್ತಾರ, ನಿಮ್ಮ ಮಾಡೆಲ್ಲಿಗೆ ಅಂತ ಮಾಡಿದ್ದೇ ತಗೋಬೇಕು, ಹಿತ್ತಾಳಿ ಸ್ಟೋದ ಟೋಪಿ ತಂದು ಬಡಿದು ಕೂಡಿಸ್ಲಿಕ್ಕೆ ಹೋಗಬ್ಯಾಡ್ರಿ. ಹೊಸಾ ಸ್ಟೋನೇ ತಗೋಳೋರು ಇದ್ರ ಸೌಂಡೂ ಒಂದ್ ಲೆಕ್ಕ ಇಟ್ಕೊಂಡು ನೋಡ್ರಿ, ಎಂಎಸ್‌ಆರ್ ಡ್ರಾಗನ್‌ಫ್ಲೈ, ಎಕ್ಸ್‌ಜಿಕೆ ಇವೆಲ್ಲಾ ಗದ್ದಲಕ್ಕೇ ಹೆಸರಾದವು, ಅದೇ ಕಂಪನಿ ವಿಸ್ಪರ್‌ಲೈಟ್ ಅವಕ್ಕಿಂತ ಮೆತ್ತಗ, ಆದ್ರ ಅದರ ಉರಿ ಸಣ್ಣ ಇಡೂದು ಕಷ್ಟ.

ಟೋಪಿ ಹಾಕಿದ ಮ್ಯಾಲ ಫರಕ್ ಏನು ಅಂದ್ರ, ಖರೆ ಹೇಳ್ತೀನಿ, ಮೊದ್ಲು ಸ್ಟೋ ಆರಿ ಹೋತು ಅಂದ್ಕೊಂಡೆ. ಮಾತಾಡ್ಕೋತ ಅಡಗಿ ಮಾಡಿದ್ವಿ. ಉರಿ ಅಗಲ ಹರಡ್ತದ, ತವಾ ಇಟ್ರ ನಡುವ ಸುಟ್ಟು ಅಂಚು ಹಸಿ ಉಳಿಯೂದು ಕಮ್ಮಿ ಆಯ್ತು. ಆದ್ರ ಕಾಟಾನೂ ಅವ. ಟೋಪಿ ಭಾರ ಇರ್ತದ, ಅದು ಕಾಯೋ ತನಕ ಪೆಟ್ರೋಲ್ ಸರಿ ಆವಿ ಆಗಂಗಿಲ್ಲ, ಅವಸರ ಮಾಡಿ ವಾಲ್ವ್ ತೆಗೆದ್ರ ಮಾರುದ್ದ ಹಳದಿ ಜ್ವಾಲಿ ಏಳ್ತದ. ಸ್ಟೋ ಹಚ್ಚೋಕಿಂತ ಮೊದ್ಲು ಬರ್ನರ್ ಪೆಟ್ರೋಲಿನಿಂದಲೇ ಕಾಯಿಸೋ ಬದ್ಲಿ ನಾವು ಆಲ್ಕೋಹಾಲ್ ಇರೋ ಸ್ಯಾನಿಟೈಜರ್ ಜೆಲ್ ಎರಡು ಚಮಚ ಹಾಕಿ ಕಾಯಿಸಿದ್ವಿ, ಮಸಿ ಇಲ್ಲ, ವಾಸನಿ ಇಲ್ಲ, ಆದ್ರ ಹಗಲಿನ್ಯಾಗ ಆ ಉರಿ ಕಣ್ಣಿಗೆ ಕಾಣಂಗಿಲ್ಲ, ಆರಿತು ಅಂತ ಮತ್ತ ಜೆಲ್ ಸುರಿಲಿಕ್ಕೆ ಹೋಗಬ್ಯಾಡ್ರಿ. ಗಾಳಿಗೂ ಇದು ನಾಜೂಕು, ಬಯಲಿನ್ಯಾಗ ಹೆಂಟಿ ಮರಿ ಬೇಕೇ ಬೇಕು.

ಇನ್ನೊಂದು, ಮೊದ್ಲು ಸೌಂಡ್ ಕೇಳಿನೇ ಗೊತ್ತಾಗ್ತಿತ್ತು, ಇಳಿದ್ರ ಪಂಪ್ ಹೊಡಿಬೇಕು, ಕಡ್ದು ಕಡ್ದು ಬಂದ್ರ ಜೆಟ್‌ನಾಗ ಕಸ ಸಿಕ್ಕದ. ಟೋಪಿ ಹಾಕಿದ ಮ್ಯಾಲ ಕಿವಿಗೆ ಕೆಲಸ ಇಲ್ಲ, ಕಣ್ಣು ಅಲ್ಲೇ ಇಡಬೇಕು. ಆವತ್ತ ನಾನು ಕಣ್ಣು ಇಡ್ಲಿಲ್ಲ, ಯಾಕಂದ್ರ ದೂರದಾಗ ನರಿ ಕೂಗ್ಲಿಕತ್ತಿದ್ವು, ಒಂದು ಕೂಗಿದ್ರ ಆ ಕಡಿ ಗುಡ್ಡದಿಂದ ಇನ್ನೊಂದು, ಡಿಸೆಂಬರಿನಾಗ ಇದೇ ಹೊಲದಾಗ ಕೂತಾಗ ಇದ್ಯಾವ್ದೂ ಕೇಳಿರ್ಲಿಲ್ಲ. ಅದನ್ನ ಕೇಳ್ಕೋತ ಕೂತವ ತಿರುಗಿ ನೋಡಿದ್ರ ಸ್ಟೋ ಯಾವಾಗೋ ಆರಿ ಹೋಗಿತ್ತು, ಸುಸಲಾ ಅರ್ಧ ತಣ್ಣಗ ಆಗಿತ್ತು. ಹಿಂಗ ಆರಿದಾಗ ಮೊದ್ಲು ವಾಲ್ವ್ ಬಂದ್ ಮಾಡ್ರಿ, ಟೋಪಿ ತಣ್ಣಗ ಆಗೋ ತನಕ ತಡದು ಮತ್ತ ಮೊದ್ಲಿಂದ ಕಾಯಿಸ್ರಿ, ಬಿಸಿ ಟೋಪಿಗೆ ಸೀದಾ ಕಡ್ಡಿ ಗೀರಿದ್ರ ಒಳಗ ಕೂತ ಆವಿ ಭಗ್ ಅಂತದ, ನನ್ನ ಬಲಗೈ ರೆಟ್ಟಿ ಕೂದಲ ಹೋಗಿ ಇನ್ನೂ ಪೂರಾ ಬಂದಿಲ್ಲ.