ಆರಿಂಚಿನ ಕನ್ನಡಿ: ಹದಿನಾರು ತಿಂಗಳ ನಂತರದ ದಾಖಲೆ

ಈ ನೋಟ್‌ಬುಕ್ಕಿನಲ್ಲಿ ಕಾಯಿಲೆಗೆ ಮುಂಚಿನ ನನ್ನ ಕೈಬರಹದ ಕೊನೆಯ ಸಾಲು 2024ರ ಸೆಪ್ಟೆಂಬರ್ 22ರದು: "80ರ ಪುಡಿ ಮುಗಿಯುತ್ತ ಬಂದಿದೆ. ಕುಣಿ 1.1 ಮಿ.ಮೀ. ಗಾಜಿಗೆ ನೀರು ಬಳಿದು ಬಿಸಿಲಿಗೆ ಹಿಡಿದಾಗ ಸೂರ್ಯನ ಬಿಂಬ ಸುಮಾರು 1280 ಮಿ.ಮೀ. ದೂರದಲ್ಲಿ ಅತಿ ಚಿಕ್ಕದಾಯಿತು." ಆಮೇಲೆ ನಾಲ್ಕು ತಿಂಗಳು ಏನೂ ಇಲ್ಲ. ಮುಂದಿನ ಹತ್ತು ಪುಟಗಳು ಬೇರೊಬ್ಬರ ಅಕ್ಷರದಲ್ಲಿವೆ, ಏಕೆಂದರೆ ಆಗ ನನ್ನ ಬೆರಳುಗಳಿಗೆ ಪೆನ್ನು ಹಿಡಿಯಲು ಬರುತ್ತಿರಲಿಲ್ಲ. ಇವತ್ತು, 2026ರ ಜನವರಿಯಲ್ಲಿ, ದೂರದರ್ಶಕದ ಕನ್ನಡಿ ಹೊಳಪಿಗೆ ಬಂದಿರುವುದರಿಂದ, ನಡುವೆ ಆದದ್ದನ್ನೆಲ್ಲ ಒಂದೆಡೆ ಬರೆದಿಡುತ್ತಿದ್ದೇನೆ.

ಕೆಲಸ ಇಷ್ಟು: 150 ಮಿ.ಮೀ. ವ್ಯಾಸದ, 25 ಮಿ.ಮೀ. ದಪ್ಪದ ಗಾಜಿನ ಬಿಲ್ಲೆಯಿಂದ ದೂರದರ್ಶಕಕ್ಕೆ ಬೇಕಾದ ಒಳಬಾಗಿದ ಕನ್ನಡಿಯನ್ನು ಕೈಯಿಂದಲೇ ಮಾಡುವುದು. ಒಂದೇ ಅಳತೆಯ ಎರಡು ಬಿಲ್ಲೆಗಳ ನಡುವೆ ಒದ್ದೆ ಕಾರ್ಬೊರಂಡಮ್ ಪುಡಿ (ಗಾಜು ಸವೆಸುವ ಗಟ್ಟಿ ಪುಡಿ; ಅಂಕಿ ಹೆಚ್ಚಿದಷ್ಟೂ ನುಣುಪು) ಹಾಕಿ ತಿಕ್ಕುತ್ತ ಹೋದರೆ ಮೇಲಿನದು ನಡುವೆ ಕುಣಿ ಬೀಳುತ್ತದೆ, ಕೆಳಗಿನದು ಉಬ್ಬುತ್ತದೆ. ಮೇಲಿನದು ಕನ್ನಡಿ, ಕೆಳಗಿನದು ಉಪಕರಣ. ನಮಗೆ ಬೇಕಾದ ನಾಭಿದೂರ, ಅಂದರೆ ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ದೂರ, 1200 ಮಿ.ಮೀ.; ಅದಕ್ಕೆ ನಡುವಿನ ಆಳ 1.17 ಮಿ.ಮೀ. ಇದ್ದರೆ ಸಾಕು. ವಿಜಯಪುರದ ನಮ್ಮ ಗುಂಪಿನಲ್ಲಿ ಐದು ಜನರಿದ್ದೇವೆ. ನಿವೃತ್ತ ವಿಜ್ಞಾನ ಮಾಸ್ತರರು ನಮಗೆಲ್ಲ ಗುರುಗಳು. ಬಾಗಿದ ಮೈ ಎಂದರೇನೆಂಬುದನ್ನು ಅವರು ನಮಗೆ ಮೊದಲು ತೋರಿಸಿದ್ದು ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ನಿಲ್ಲಿಸಿ. ಉಳಿದವರೆಂದರೆ ಲೇಥ್ ಅಂಗಡಿಯ ಚಾಚಾ, ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕ, ಬಿ.ಎಸ್ಸಿ. ಓದುತ್ತಿರುವ ತಮ್ಮ ಮತ್ತು ಪ್ರಾಥಮಿಕ ಶಾಲೆಯಲ್ಲಿ ಕಲಿಸುವ ನಾನು. ಎಲ್ಲರೂ ನನ್ನನ್ನು ಅಕ್ಕೋರೆಂದೇ ಕರೆಯುತ್ತಾರೆ. ತಮ್ಮ ಮಾತ್ರ ಅಕ್ಕಾ ಎನ್ನುತ್ತಾನೆ.

ಸೆಪ್ಟೆಂಬರ್ 23ರಂದು ಎರಡೂ ಪಾದಗಳಲ್ಲಿ ಜುಮುಗುಟ್ಟುವಿಕೆ ಶುರುವಾಯಿತು. ಅದಕ್ಕೆ ಎರಡು ವಾರ ಮೊದಲು ಹೊಟ್ಟೆ ಕೆಟ್ಟು ಮೂರು ದಿನ ಮಲಗಿದ್ದೆ. ಅದರ ನಿಶ್ಶಕ್ತಿ ಇರಬೇಕೆಂದುಕೊಂಡೆ. ಮರುದಿನ ಶಾಲೆಯಲ್ಲಿ ಸೀಮೆಸುಣ್ಣ ಕೈಯಿಂದ ಜಾರಿತು. ಸಂಜೆ ಪಡಸಾಲೆಯಲ್ಲಿ ಮರಳು ತುಂಬಿದ ಡ್ರಮ್ಮಿನ ಸುತ್ತ ತಿರುಗುತ್ತ ತಿಕ್ಕಲು ನಿಂತಾಗ ಮೊಣಕಾಲುಗಳು ಕುಸಿದು, ಬಿಲ್ಲೆಗಳನ್ನು ಒಂದರ ಮೇಲೊಂದು ಹಾಗೆಯೇ ಬಿಟ್ಟು ಒಳಗೆ ಹೋದೆ. ಈ ಕೆಲಸದಲ್ಲಿ ಎಂದಿಗೂ ಮಾಡಬಾರದ ತಪ್ಪು ಅದು: ನಡುವಿನ ಕೆಸರು ಒಣಗಿದರೆ ಎರಡು ಗಾಜುಗಳೂ ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ. 25ರ ಬೆಳಿಗ್ಗೆ ನನಗೆ ಹಾಸಿಗೆಯಿಂದ ಏಳಲಾಗಲಿಲ್ಲ.

ರೋಗದ ಹೆಸರು ಗಿಲಾನ್-ಬಾರೆ ಸಿಂಡ್ರೋಮ್. ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ, ಕೈಕಾಲುಗಳ ನರಗಳ ಮೇಲಿರುವ ಮಯಲಿನ್ ಎಂಬ ಹೊದಿಕೆಯನ್ನೇ ಕೆಡಿಸುವುದರಿಂದ ಇದು ಬರುತ್ತದೆ. ಬಲಹೀನತೆ ಸಾಮಾನ್ಯವಾಗಿ ಪಾದದಿಂದ ಮೇಲಕ್ಕೆ ಏರುತ್ತದೆ, ಉಸಿರಾಟದ ಸ್ನಾಯುಗಳನ್ನು ಮುಟ್ಟಿದರೆ ಜೀವಕ್ಕೆ ಅಪಾಯ. ಅದನ್ನು ಅಳೆಯಲು ವೈದ್ಯರು ಒಂದೇ ಉಸಿರಿನಲ್ಲಿ ಎಷ್ಟು ಎಣಿಸಬಲ್ಲೆನೆಂದು ಕೇಳುತ್ತಿದ್ದರು. ಇಪ್ಪತ್ತು ವರ್ಷ ಮಕ್ಕಳಿಂದ ಎಣಿಕೆ ಹೇಳಿಸಿದ ನಾನು ಮೊದಲ ದಿನ 28ರವರೆಗೆ ಹೇಳಿದೆ, ಮರುದಿನ 17ಕ್ಕೆ ನಿಂತೆ, ಮೂರನೆಯ ದಿನ 11 ದಾಟಲಿಲ್ಲ. ಅಂದೇ ಗಂಟಲಿಗೆ ನಳಿಗೆ ಹಾಕಿ ವೆಂಟಿಲೇಟರಿಗೆ ಜೋಡಿಸಿದರು. ಒಂಬತ್ತು ದಿನ ಅದರ ಮೇಲಿದ್ದೆ. ಐದು ದಿನ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟರು. ನನ್ನ 55 ಕಿಲೋ ತೂಕಕ್ಕೆ ಒಟ್ಟು 110 ಗ್ರಾಂ. ಆ ಔಷಧಿಯನ್ನು ಸಾವಿರಾರು ದಾನಿಗಳ ಪ್ಲಾಸ್ಮಾ ಒಟ್ಟುಗೂಡಿಸಿ ಮಾಡುತ್ತಾರೆಂದು ನಂತರ ತಿಳಿಯಿತು. ಆ ದಾನಿಗಳಲ್ಲಿ ಒಬ್ಬರ ಮುಖವೂ ನನಗೆ ಗೊತ್ತಿಲ್ಲ. ಅವರಿಗೆ ನಾನು ಋಣಿ.

ಮಾತಾಡಲಾಗದ ಆ ದಿನಗಳಲ್ಲಿ ನನ್ನ ಮನೆಯವರು ವರ್ಣಮಾಲೆಯ ಪಟ್ಟಿ ಹಿಡಿದು ಒಂದೊಂದೇ ಅಕ್ಷರ ತೋರಿಸುತ್ತಿದ್ದರು, ಬೇಕಾದ ಅಕ್ಷರ ಬಂದಾಗ ನಾನು ಕಣ್ಣು ಮಿಟುಕಿಸುತ್ತಿದ್ದೆ. ನೀರು, ನೋವು, ಹೊರಳಿಸಿ ಎಂಬ ಮಾತುಗಳ ನಂತರ ನಾನು ಹೇಳಿಸಿದ್ದು "ಬಿಲ್ಲೆ ಅಂಟಿದೆ" ಎಂದು. ಅವರಿಗೆ ಅದು ಅರ್ಥವಾಗಲಿಲ್ಲ, ಜ್ವರದ ಬಡಬಡಿಕೆ ಇರಬಹುದೆಂದು ಹೆದರಿದರು. ಆದರೂ ಮಾಸ್ತರರಿಗೆ ಫೋನ್ ಮಾಡಿದರು. ಮಾಸ್ತರರಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಅವರು ಮತ್ತು ಚಾಚಾ ಅದೇ ಸಂಜೆ ಮನೆಗೆ ಬಂದು, ಅಂಟಿದ್ದ ಜೋಡಿಯನ್ನು ಬಕೆಟ್ಟಿನ ನೀರಿನಲ್ಲಿ ಎರಡು ದಿನ ನೆನೆಯಿಟ್ಟು, ಮರದ ತುಂಡನ್ನು ಅಂಚಿಗೆ ಆನಿಸಿ ಮೆಲ್ಲಗೆ ತಟ್ಟಿ ಬಿಡಿಸಿದರು. ಎರಡು ಗಾಜಿಗೂ ಏನೂ ಆಗಿರಲಿಲ್ಲ. ನಾನಿಲ್ಲದಾಗ ಆ ಕನ್ನಡಿಗೆ ಅವರು ಮಾಡಿದ ಕೆಲಸ ಅದೊಂದೇ.

ಅಕ್ಟೋಬರ್ ನಡುವಿನಲ್ಲಿ ಪಶ್ಚಿಮದ ಸಂಜೆಯಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಕಾಣಿಸಿತು. ನಾನು ವಾರ್ಡಿನಲ್ಲಿದ್ದೆ, ಕೂಡಿಸಿದರೆ ಹತ್ತು ನಿಮಿಷ ಕೂಡುತ್ತಿದ್ದೆ. ಊರ ಹೊರಗೆ ಹೋಗಿ ನೋಡಿ ಬಂದ ತಮ್ಮ ಮೊಬೈಲಿನ ಫೋಟೊ ತರಲಿಲ್ಲ, ಪೆನ್ಸಿಲಿನಲ್ಲಿ ಚಿತ್ರ ಬರೆದು ತಂದ: ಎಷ್ಟು ಗಂಟೆ, ಬಾಲ ಎಷ್ಟು ಅಂಶ ಉದ್ದ, ಯಾವ ಕಡೆಗೆ ವಾಲಿತ್ತು ಎಂಬುದೆಲ್ಲವನ್ನೂ ಮಾಸ್ತರರು ಕಲಿಸಿದ ಕ್ರಮದಲ್ಲಿ ಗುರುತು ಹಾಕಿದ್ದ. ಬಾಲದ ಅಂಚು ಎಲ್ಲಿ ಕೊನೆಯಾಯಿತೆಂದು ನಾನು ತೊದಲುತ್ತ ಕೇಳಿದೆ; ಅವನು ಕುರ್ಚಿ ಎಳೆದುಕೊಂಡು ಅರ್ಧ ಗಂಟೆ ವಿವರಿಸಿದ. ಆಸ್ಪತ್ರೆಯಲ್ಲಿ ಎಲ್ಲರೂ ನನ್ನ ಆರೋಗ್ಯವನ್ನೇ ಕೇಳುತ್ತಿದ್ದಾಗ ಆಕಾಶದ ಮಾತಾಡಿದವನು ಅವನೊಬ್ಬನೇ, ಅದಕ್ಕಾಗಿ ನಾನು ಎಷ್ಟು ಹಸಿದಿದ್ದೆನೆಂಬುದು ನನಗೂ ಆಗಲೇ ತಿಳಿದದ್ದು.

ದೀಪಾವಳಿಯ ನಂತರ ಮನೆಗೆ ಬಂದೆ. ನಡೆಯಲು ವಾಕರ್ ಬೇಕಿತ್ತು, ಪಾದ ಮೇಲೇಳದ್ದರಿಂದ ಕಾಲಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು. ಹೊದಿಕೆ ಕೆಟ್ಟಲ್ಲಿ ಅದು ವಾರಗಳಲ್ಲಿ, ತಿಂಗಳುಗಳಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಒಳಗಿನ ತಂತುವೇ ಕೆಟ್ಟಲ್ಲಿ ಅದು ದಿನಕ್ಕೆ ಹೆಚ್ಚುಕಡಿಮೆ 1 ಮಿ.ಮೀ. ಮಾತ್ರ ಬೆಳೆಯುತ್ತದೆ ಎಂದು ವೈದ್ಯರು ಹೇಳಿದ್ದರು. ಆ ಅಳತೆ ನನಗೆ ಗೊತ್ತಿದ್ದ ಅಳತೆಯಾಗಿತ್ತು. ಒಂದು ಮಿಲಿಮೀಟರಿನ ಆಳಕ್ಕೆ ನಾನು ಮೂರು ತಿಂಗಳು ತಿಕ್ಕಿದ್ದೆ.

ಜನವರಿಯಲ್ಲಿ ನಾಲ್ವರೂ ಮನೆಗೆ ಬಂದಾಗ, ಕನ್ನಡಿಯನ್ನು ನೀವೇ ಮುಗಿಸಿಬಿಡಿ, ನಾನು ನೋಡುತ್ತ ಕೂಡುತ್ತೇನೆ ಎಂದೆ. ಮಾಸ್ತರರು ಒಪ್ಪಲಿಲ್ಲ. "ಅಕ್ಕೋರ, ನಾವು ಮುಗಸಿದ್ರ ಅದು ನಿಮ್ಮ ಕನ್ನಡಿ ಹೆಂಗಾಕ್ಕೈತ್ರಿ? ಗುರು ಗ್ರಹ ಎಲ್ಲೂ ಓಡಿ ಹೋಗಂಗಿಲ್ಲ, ಅವಸರ ಮಾಡಬ್ಯಾಡ್ರಿ" ಎಂದರು. ಆ ಮಾತಿಗೆ ಆಗ ನನಗೆ ಬೇಸರವಾಗಿತ್ತು, ಕಷ್ಟದಲ್ಲಿರುವವಳಿಗೆ ಇಷ್ಟು ಸಹಾಯ ಮಾಡಬಾರದೆ ಎನಿಸಿತ್ತು. ಈಗ ನೋಡಿದರೆ, ಮುಗಿಸಿಕೊಡುವುದು ಅವರಿಗೆ ಹದಿನೈದು ದಿನದ ಕೆಲಸ. ಅವರು ಆರಿಸಿಕೊಂಡದ್ದು ಅದಕ್ಕಿಂತ ಬಹಳ ದೊಡ್ಡ ಕೆಲಸವನ್ನು.

ಡ್ರಮ್ಮಿನ ಸುತ್ತ ನಡೆಯುತ್ತ ತಿಕ್ಕಿದರೆ ಎಳೆತಗಳು ಎಲ್ಲ ದಿಕ್ಕಿಗೂ ಸಮನಾಗಿ ಬೀಳುತ್ತವೆ, ಕುಣಿ ಗೋಲದ ಆಕಾರಕ್ಕೆ ಬರುತ್ತದೆ. ನಡೆಯಲಾರದವಳು ಏನು ಮಾಡಬೇಕು? ಚಾಚಾ ಹಳೆಯ ಸ್ಕೂಟರ್ ಚಕ್ರದ ಹಬ್ಬಿಗೆ ಹೊಸ ಬೇರಿಂಗ್ ಹಾಕಿ, ಮೇಲೆ ಪ್ಲೈವುಡ್ ಹಲಗೆ ಕೂಡಿಸಿ, ಕುರ್ಚಿಯಲ್ಲಿ ಕೂತು ಎಡಗೈಯಿಂದ ತಿರುಗಿಸಬಹುದಾದ ಮಣೆ ಮಾಡಿ ತಂದರು. ಎಳೆತ ಎಳೆದು ಮಣೆ ತುಸು ತಿರುಗಿಸುವುದು, ಮತ್ತೆ ಎಳೆತ, ಮತ್ತೆ ತಿರುವು: ರೊಟ್ಟಿ ಬಡಿಯುವಾಗ ಹಿಟ್ಟು ತಿರುಗುವ ಹಾಗೆ. ಕನ್ನಡಿ 1.1 ಕಿಲೋ ತೂಗುತ್ತದೆ, ಅದನ್ನು ಎತ್ತಲು ನನ್ನಿಂದಾಗುತ್ತಿರಲಿಲ್ಲ. ಆದ್ದರಿಂದ ಅದರ ಬೆನ್ನಿಗೆ ಡಾಂಬರಿನಿಂದ ಮರದ ಹಿಡಿಕೆ ಅಂಟಿಸಿದರು. ಹಿಡಿಕೆ ಗಾಜನ್ನು ಸೂಕ್ಷ್ಮವಾಗಿ ಎಳೆದು ಆಕಾರ ಕೆಡಿಸಬಹುದೆಂದು ಮಾಸ್ತರರು ಒರಟು ಪುಡಿಗಳಿಗೆ ಮಾತ್ರ ಅದನ್ನು ಒಪ್ಪಿದರು.

2025ರ ಫೆಬ್ರುವರಿ 2ರ ಪುಟದಲ್ಲಿ ತಮ್ಮನ ಅಕ್ಷರ: "ಅಕ್ಕ 12 ಎಳೆತ. ನಿಲ್ಲಿಸಿದೆವು." ನಿಲ್ಲಿಸಿದ್ದು ಅವರು. ಈ ರೋಗದಿಂದ ಏಳುವವರಿಗೆ ದಣಿವೇ ದೊಡ್ಡ ಶತ್ರು. ಉತ್ಸಾಹದಿಂದ ಮಿತಿ ಮೀರಿದರೆ ಮುಂದಿನ ಎರಡು ದಿನ ಕೈಯೇ ಏಳುವುದಿಲ್ಲ ಎಂದು ಫಿಸಿಯೋಥೆರಪಿಯವರು ಎಚ್ಚರಿಸಿದ್ದರು, ಅದು ನಿಜವೆಂದು ನಾನು ಒಮ್ಮೆ ಮೀರಿ ಅನುಭವಿಸಿದೆ. ಹೀಗಾಗಿ ಎಣಿಕೆ ಇಡುವುದೇ ನಮ್ಮ ನಿಯಮವಾಯಿತು: 12, 15, 15, 20, ಶೀತವಾದಾಗ ಮತ್ತೆ 8, ಮಾರ್ಚ್ ಕೊನೆಗೆ 60. ಪ್ರತಿ ಪುಡಿ ಬದಲಿಸುವಾಗ ಪಡಸಾಲೆಯನ್ನೆಲ್ಲ ತೊಳೆಯಬೇಕು. ಹಿಂದಿನ ದಪ್ಪ ಪುಡಿಯ ಒಂದೇ ಕಣ ಉಳಿದರೂ ಗೀರು ಬೀಳುತ್ತದೆ. ನನಗೆ ಬಗ್ಗಲು ಆಗುತ್ತಿರಲಿಲ್ಲ. ಬ್ಯಾಂಕಿನ ಅಕ್ಕ ಭಾನುವಾರ ಬೆಳಿಗ್ಗೆ ಬಂದು ಸೆರಗು ಸಿಕ್ಕಿಸಿ ಮೂರು ಮೂರು ಬಾರಿ ನೆಲ ತೊಳೆದು, ಬಕೆಟ್ಟು, ಬಟ್ಟೆ, ನನ್ನ ಉಗುರುಗಳ ಸಂದಿ ಎಲ್ಲವನ್ನೂ ಉಜ್ಜಿದ ಮೇಲೆಯೇ 120, 220, 320, 600ರ ಡಬ್ಬಿಗಳು ಒಂದೊಂದಾಗಿ ತೆರೆದವು.

ಮಾರ್ಚ್ 16ರಂದು, ಹಿಡಿಕೆ ತೆಗೆದ ಮೊದಲ ದಿನವೇ, ಬಲಗೈಯ ಹಿಡಿತ ತಪ್ಪಿ ಕನ್ನಡಿ ಮೇಜಿನ ಅಂಚಿಗೆ ಬಡಿಯಿತು. ಅಂಚಿನಲ್ಲಿ 6 ಮಿ.ಮೀ. ಉದ್ದ, 3 ಮಿ.ಮೀ. ಅಗಲದ ಚಕ್ಕೆ ಹಾರಿತು. ಆಸ್ಪತ್ರೆಯಲ್ಲಿ ಅಳದಷ್ಟು ಅವತ್ತು ಅತ್ತೆ. ಮಾಸ್ತರರು ಸಮಾಧಾನದ ಮಾತು ಆಡಲಿಲ್ಲ, ಪೆನ್ಸಿಲು ಮುಂದಿಟ್ಟು "ಲೆಕ್ಕಾ ಮಾಡ್ರಿ ಅಕ್ಕೋರ" ಎಂದರು. ಕನ್ನಡಿಯ ವಿಸ್ತೀರ್ಣ ಸುಮಾರು 17,670 ಚದರ ಮಿ.ಮೀ., ಚಕ್ಕೆ ಹೆಚ್ಚೆಂದರೆ 18. ಬೆಳಕಿನಲ್ಲಿ ಸಾವಿರದಲ್ಲೊಂದು ಪಾಲು ಹೋಯಿತು, ಅಷ್ಟೇ. ಆ ಲೆಕ್ಕದ ಅಂಕಿಗಳು ನೋಟ್‌ಬುಕ್ಕಿನಲ್ಲಿ ವಕ್ರವಕ್ರವಾಗಿ ನನ್ನ ಕೈಯಲ್ಲೇ ಇವೆ. ಕಾಯಿಲೆಯ ನಂತರ ನಾನು ಬರೆದ ಮೊದಲ ಸಾಲು ಅದು.

ಏಪ್ರಿಲ್ ಹೊತ್ತಿಗೆ ನುಣುಪು ತಿಕ್ಕುವಿಕೆ ಮುಗಿಯಿತು. ಕೊನೆಯ ಪುಡಿಗಳಲ್ಲಿ ಕೈಗೆ ಹಗುರವಾಗಲೆಂದು ಕನ್ನಡಿಯನ್ನು ಕೆಳಗಿಟ್ಟು, ಹೊಸದಾಗಿ ಮಾಡಿಕೊಂಡ ತೆಳು ಉಪಕರಣವನ್ನು ಮೇಲಿಟ್ಟು ತಿಕ್ಕಿದ್ದರಿಂದ ಕುಣಿ ತುಸು ಚಪ್ಪಟೆಯಾಗಿ, ನಾಭಿದೂರ 1235 ಮಿ.ಮೀ.ಗೆ ನಿಂತಿತು. ನನಗೆ ಅದು ಒಪ್ಪಿಗೆ. ಕೊಳವೆ ಒಂದಿಷ್ಟು ಉದ್ದವಾದರೆ ಆಯಿತು.

ಮುಂದಿನದು ಹೊಳಪು. ಅದಕ್ಕೆ ಉಪಕರಣದ ಮೇಲೆ ಪಿಚ್ (ಡಾಂಬರಿನಂಥ ಅಂಟು) ಎರೆದು ಚೌಕ ಚೌಕವಾಗಿ ತೋಡು ಕೊರೆದು, ಹೊಳಪು ಕೊಡುವ ಸೀರಿಯಮ್ ಆಕ್ಸೈಡ್ ಪುಡಿ ಹಚ್ಚಬೇಕು. ನಮ್ಮ ಊರಿನ ಬೇಸಿಗೆಯಲ್ಲಿ, ಪಾರದ ಪಟ್ಟಿ 40 ಡಿಗ್ರಿ ದಾಟುವ ದಿನಗಳಲ್ಲಿ, ಪಿಚ್ ಬೆಲ್ಲದ ಪಾಕದಂತೆ ಹರಿದು ತೋಡುಗಳು ಮುಚ್ಚಿಕೊಳ್ಳುತ್ತವೆ. ಚಳಿಗಾಲದವರೆಗೆ ಕಾಯಬೇಕೆಂದು ಮಾಸ್ತರರು ಹೇಳಿದರು. ಆ ಏಳು ತಿಂಗಳಲ್ಲಿ ನಾನು ಪಟ್ಟಿ ಬಿಚ್ಚಿ ನಡೆಯಲು ಕಲಿತೆ, ಜೂನಿನಿಂದ ಅರ್ಧ ದಿನ ಶಾಲೆಗೆ ಹೋದೆ. ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣವಿತ್ತು. ಎಲ್ಲರೂ ತಮ್ಮ ದೂರದರ್ಶಕಗಳನ್ನು ಹೊತ್ತು ನಮ್ಮ ಮಾಳಿಗೆಗೆ ಬಂದರು. ಹದಿನಾಲ್ಕು ಮೆಟ್ಟಿಲುಗಳನ್ನು ಹಿಡಿಗಂಬಿ ಹಿಡಿದು ನಾನೇ ಹತ್ತಿದೆ. ಮೋಡ ಸರಿದಾಗಲೆಲ್ಲ ತಾಮ್ರದ ಬಣ್ಣದ ಚಂದ್ರ ಕಂಡಿತು, ಮೋಡ ಬಂದಾಗ ಶೇಂಗಾ ತಿನ್ನುತ್ತ ಕಾದೆವು.

ನವೆಂಬರ್ 9ರಿಂದ ಹೊಳಪು ಕೊಡುತ್ತಿದ್ದೇನೆ. ಈಗ ದಿನಕ್ಕೆ ಇಪ್ಪತ್ತು ನಿಮಿಷದ ಎರಡು ಪಾಳಿ ನನ್ನಿಂದಾಗುತ್ತದೆ, ಹಿಡಿಕೆಯಿಲ್ಲದೆ, ನಿಂತುಕೊಂಡೇ. ಡಿಸೆಂಬರ್ ಕೊನೆಗೆ ಗಾಜಿನ ಮಂಜು ಪೂರ್ತಿ ಹೋಗಿ ಪಡಸಾಲೆಯ ತೊಲೆಗಳು ಅದರೊಳಗೆ ಕಂಡವು.

ಕಳೆದ ಭಾನುವಾರ ಫೂಕೊ ಪರೀಕ್ಷೆ ಮಾಡಿದೆವು. ತಮ್ಮ ಎಲ್‌ಇಡಿ ದೀಪ ಮತ್ತು ಬ್ಲೇಡಿನಿಂದ ಮಾಡಿದ ಚೌಕಟ್ಟನ್ನು ಕನ್ನಡಿಯಿಂದ 2470 ಮಿ.ಮೀ. ದೂರದಲ್ಲಿಟ್ಟು, ಮರಳಿ ಬರುವ ಬೆಳಕನ್ನು ಬ್ಲೇಡಿನ ಅಂಚಿನಿಂದ ಕತ್ತರಿಸಿದಾಗ, ಬರಿಗಣ್ಣಿಗೆ ಕಾಣದ ಏರುತಗ್ಗುಗಳು ನೆರಳಾಗಿ ಎದ್ದು ನಿಲ್ಲುತ್ತವೆ. ನೋಡುವ ಮೊದಲು ಮಾಸ್ತರರು ಕನ್ನಡಿಯ ಮುಖದ ಮೇಲೆ ಹೆಬ್ಬೆರಳನ್ನು ಒಂದು ನಿಮಿಷ ಒತ್ತಿ ಹಿಡಿಯಲು ಹೇಳಿದರು. ನನ್ನ ಬೆರಳ ತುದಿಗಳಿಗೆ ಇನ್ನೂ ಪೂರ್ತಿ ಸ್ಪರ್ಶ ಬಂದಿಲ್ಲ. ಗಾಜು ತಣ್ಣಗಿದೆಯೋ ಬೆಚ್ಚಗಿದೆಯೋ ನನಗೆ ತಿಳಿಯುವುದಿಲ್ಲ. ಬೆರಳು ತೆಗೆದು ಬ್ಲೇಡಿನ ಹಿಂದೆ ಕಣ್ಣಿಟ್ಟಾಗ, ನಾನು ಮುಟ್ಟಿದ ಜಾಗದಲ್ಲಿ ಗಾಜು ಶಾಖಕ್ಕೆ ಹಿಗ್ಗಿ ಚಿಕ್ಕ ಗುಡ್ಡದಂತೆ ಉಬ್ಬಿತ್ತು. ಅದು ಮೆಲ್ಲಗೆ ಇಳಿದು ಹೋಗುವವರೆಗೂ ನಾನು ಕಣ್ಣು ತೆಗೆಯಲಿಲ್ಲ, ಯಾರೂ ನನ್ನನ್ನು ಅವಸರಿಸಲಿಲ್ಲ.

ಪರೀಕ್ಷೆಯ ಫಲ: ನಡುವಿನಿಂದ ಮುಕ್ಕಾಲು ಭಾಗದವರೆಗೆ ಗೋಲ ನುಣುಪಾಗಿದೆ. ಹೊರ ಅಂಚಿನ 5 ಮಿ.ಮೀ. ಕೆಳಕ್ಕೆ ಬಾಗಿದೆ, ಬಲಗೈ ಎಡಗೈಗಿಂತ ಹೆಚ್ಚು ಒತ್ತುತ್ತಿರುವುದೇ ಅದಕ್ಕೆ ಕಾರಣವಿರಬೇಕೆಂದು ನನ್ನ ಊಹೆ. ಮಾಸ್ತರರು ಹೊಸ ಪಿಚ್ ಎರೆದು, ಎಳೆತವನ್ನು ವ್ಯಾಸದ ಕಾಲು ಭಾಗಕ್ಕೆ ಇಳಿಸಿ, ಒತ್ತಡವಿಲ್ಲದೆ ಗಾಜಿನ ಭಾರವೊಂದರಿಂದಲೇ ತಿಕ್ಕಲು ಹೇಳಿದ್ದಾರೆ. ಫೆಬ್ರುವರಿ ಮುಗಿಯುವುದರೊಳಗೆ, ಬಿಸಿಲು ಏರುವ ಮುನ್ನ, ಅಂಚು ಸರಿಯಾದರೆ ಅಲ್ಯುಮಿನಿಯಮ್ ಲೇಪನಕ್ಕೆ ಕಳಿಸುವುದು. ಕೊಳವೆಗೆ ಬೇಕಾದ ಉಂಗುರಗಳನ್ನು ಚಾಚಾ ಆಗಲೇ ಲೇಥಿನ ಮೇಲೆ ಏರಿಸಿದ್ದಾರೆ. ನಾಳೆ ಬೆಳಿಗ್ಗೆ ಏಳು ಗಂಟೆಗೆ ಬ್ಯಾಂಕಿನ ಅಕ್ಕ ನೆಲ ತೊಳೆಯಲು ಬರುತ್ತಾರೆ. ಈ ಸಲ ಒಂದು ಬಕೆಟ್ಟು ನಾನೂ ಹಿಡಿಯುತ್ತೇನೆ.