ಹೊಸ ಕೆಪಾಸಿಟರ್ ಆಮೇಲೆ, ಮೊದಲು ಬೋರ್ಡ್ ತೊಳೆಯಿರಿ

ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಪುಟ್ಟ ಭಾಗವೇ ಕೆಪಾಸಿಟರ್; ಸೋರಿದ್ದನ್ನು ಕಿತ್ತು ಹೊಸದನ್ನು ಕೂರಿಸಿದರೆ ಹಳೆಯ ಕಂಪ್ಯೂಟರ್ ಗುಣವಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಸೋಮವಾರಪೇಟೆಯಿಂದ ಫೋನ್ ಮಾಡಿದ ಹುಡುಗನೂ ಅದನ್ನೇ ಕೇಳಿದ: "ಅಣ್ಣಾ, ಎಲ್ಲವನ್ನೂ ಬದಲಾಯಿಸಿದ್ದೇನೆ, ಮಳೆ ಹಿಡಿದ ಮೇಲೆ ಮತ್ತೆ ಕೆಟ್ಟಿತು. ಯಾಕೆ?" ತೊಳೆದೆಯಾ ಎಂದು ಕೇಳಿದೆ. ಇಲ್ಲ ಎಂದ.

1980ರ ದಶಕದ ಕೊನೆಯಿಂದ 1990ರ ದಶಕದ ಮೊದಲರ್ಧದವರೆಗಿನ ಕಂಪ್ಯೂಟರ್ ಬೋರ್ಡುಗಳಲ್ಲಿ ಈ ಸೋರಿಕೆಯ ಕಾಟ ಹೆಚ್ಚು. 1989ರ ಮೆಕಿಂಟಾಷ್ ಎಸ್‌ಇ/30, 1992ರ ಅಮಿಗಾ 600 ಕಂಪ್ಯೂಟರುಗಳನ್ನು ಇಟ್ಟುಕೊಂಡವರಿಗೆಲ್ಲ ಇದು ಗೊತ್ತು. ಬೋರ್ಡಿನ ಮೇಲೆಯೇ ಅಂಟಿ ಕೂರುವ ಕೆಪಾಸಿಟರಿನ ಪುಟ್ಟ ಅಲ್ಯೂಮಿನಿಯಂ ಡಬ್ಬಿಯೊಳಗೆ ದ್ರಾವಣದಲ್ಲಿ ನೆನೆದ ಕಾಗದವಿರುತ್ತದೆ, ತಳಕ್ಕೆ ರಬ್ಬರ್ ಬಿರಡೆ. ಬಿರಡೆ ಸೋತರೆ ದ್ರಾವಣ ಕಾಲುಗಳ ಗುಂಟ ಇಳಿದು, ಹಸಿರು ಲೇಪದ ಅಡಿಗೆ ನುಗ್ಗಿ, ತಾಮ್ರದ ಎಳೆಗಳನ್ನು ತಿನ್ನತೊಡಗುತ್ತದೆ. ಅದು ವಿದ್ಯುತ್ತನ್ನೂ ಹರಿಯಗೊಡುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ಕೊಡಗಿನಲ್ಲಿ ಆ ಅಂಟಿಗೆ ತೇವಕ್ಕೇನು ಬರ? ಬೇಸಿಗೆಯಲ್ಲಿ ನೆಟ್ಟಗಿದ್ದ ಯಂತ್ರ ಜುಲೈಯಲ್ಲಿ ತಕರಾರು ತೆಗೆಯುವುದಕ್ಕೆ ಇದೇ ಕಾರಣ.

ಮಡಿಕೇರಿಯಲ್ಲಿ ಮುಚ್ಚಿಹೋದ ಮುದ್ರಣಾಲಯವೊಂದರಿಂದ ತಂದ ಯಂತ್ರ ಈಗ ನನ್ನ ಮೇಜಿನ ಮೇಲಿದೆ. ಮದುವೆಯ ಕರೆಯೋಲೆ, ಕಾಫಿ ತೋಟಗಳ ಬಿಲ್ ಪುಸ್ತಕ ಎಲ್ಲವೂ ಅದರಲ್ಲೇ ಅಕ್ಷರ ಜೋಡಣೆಯಾಗುತ್ತಿದ್ದವಂತೆ. ಸ್ವಿಚ್ ಹಾಕಿದರೆ ಪರದೆಯ ತುಂಬ ಕಪ್ಪು ಬಿಳಿ ಚೌಕಗಳು, ಸ್ಪೀಕರಿನಲ್ಲಿ ಸದ್ದಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಕೆಪಾಸಿಟರುಗಳ ಬುಡದ ಬೆಸುಗೆ ಹೊಳಪು ಕಳೆದುಕೊಂಡು ಬೂದಿಯಂತಾಗಿತ್ತು, ಸುತ್ತ ಎಣ್ಣೆ ಚೆಲ್ಲಿದಂಥ ಕಲೆ. ಬೆಸುಗೆ ಕಡ್ಡಿ ತಾಗಿಸಿದರೆ ಸೀಸ ಕರಗದೆ ಮೊಂಡುಹಿಡಿಯಿತು, ಮೀನಿನ ವಾಸನೆ ಎದ್ದಿತು. ಆ ವಾಸನೆ ಬಂದರೆ ಸೋರಿಕೆಯ ಬಗ್ಗೆ ಅನುಮಾನವೇ ಬೇಡ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ.

ಕೆಲವರು ಕೆಪಾಸಿಟರನ್ನು ಇಕ್ಕಳದಿಂದ ಹಿಡಿದು ತಿರುಚಿ ಕೀಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ದ್ರಾವಣ ತಿಂದ ಪ್ಯಾಡುಗಳು, ಅಂದರೆ ಕಾಲುಗಳನ್ನು ಬೆಸೆದ ತಾಮ್ರದ ಚೂರುಗಳು, ಮೊದಲೇ ದುರ್ಬಲವಾಗಿರುತ್ತವೆ, ಡಬ್ಬಿಯ ಜೊತೆ ಅವೂ ಎದ್ದುಬರಬಹುದು. ಹೊಸ ಸೀಸವನ್ನೂ ಬೆಸುಗೆ ಸರಾಗವಾಗಿ ಹರಿಯಲು ಹಚ್ಚುವ ಫ್ಲಕ್ಸನ್ನೂ ಧಾರಾಳವಾಗಿ ಕೊಟ್ಟು ಎರಡೂ ಕಾಲುಗಳನ್ನು ಕಾಯಿಸಿದರೆ ಅದು ತಾನಾಗಿ ಸಡಿಲಗೊಳ್ಳುತ್ತದೆ.

ಆಮೇಲೆ ತೊಳೆಯುವ ಕೆಲಸ. ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಹಲ್ಲುಜ್ಜುವ ಬ್ರಷ್. ನಂತರ ಡಿಸ್ಟಿಲ್ಡ್ ವಾಟರ್, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಚಿಪ್ಪುಗಳ ಅಡಿಯಲ್ಲೂ ದ್ರಾವಣ ಅಡಗಿರುತ್ತದೆ, ಅಲ್ಲಿಗೆ ಸಿರಿಂಜಿನಿಂದ ಆಲ್ಕೋಹಾಲ್ ಹಾಯಿಸಿ. ನಮ್ಮ ಮಳೆಗಾಲದಲ್ಲಿ ಬಿಸಿಲು ನಂಬುವಂತಿಲ್ಲ. ರಟ್ಟಿನ ಪೆಟ್ಟಿಗೆಗೆ 40 ವ್ಯಾಟಿನ ಹಳೆಯ ಬಲ್ಬು ಇಳಿಬಿಟ್ಟು, ಅದು ರಟ್ಟಿಗೆ ತಾಗದಂತೆ ನೋಡಿಕೊಂಡು, ನಾನು ಎಚ್ಚರವಿರುವಷ್ಟು ಹೊತ್ತೂ ಬೋರ್ಡನ್ನು ಅದರೊಳಗೆ ಒಣಗಿಸುತ್ತೇನೆ. ಪೂರ್ತಿ ಒಣಗಿದ ಮೇಲೆ ಮಲ್ಟಿಮೀಟರ್ ಹಿಡಿದು ಪ್ರತಿ ಪ್ಯಾಡಿನಿಂದ ಹೊರಡುವ ಎಳೆಯನ್ನೂ ತಪಾಸಿಸಬೇಕು. ಈ ಬೋರ್ಡಿನಲ್ಲಿ ಧ್ವನಿಯ ಚಿಪ್ಪಿಗೆ ಹೋಗುವ ಒಂದು ಎಳೆ ಕಡಿದಿತ್ತು. ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತಿತ್ತು, ಎಳೆ ಕೂಡಿದ್ದರೆ ಬೀಪ್ ಎನ್ನಬೇಕಾದ ಮೀಟರ್ ಮಾತ್ರ ಸದ್ದು ಮಾಡಲಿಲ್ಲ. ಕೂದಲಿನಷ್ಟು ತೆಳುವಾದ ತಂತಿಯಿಂದ ಅದನ್ನು ಜೋಡಿಸಿದೆ.

ಹಳೆಯದರ ಜಾಗಕ್ಕೆ ಟ್ಯಾಂಟಲಮ್ ಲೋಹದ ಕೆಪಾಸಿಟರ್ ಹಾಕುವವರು ಒಂದನ್ನು ನೆನಪಿಡಿ. ಅಲ್ಯೂಮಿನಿಯಂ ಡಬ್ಬಿಯ ಮೇಲಿನ ಕಪ್ಪು ಗುರುತು ಋಣ ತುದಿಯದು, ಟ್ಯಾಂಟಲಮ್ಮಿನ ಮೇಲಿನ ಪಟ್ಟಿ ಧನ ತುದಿಯದು. ತಿರುಗಾಮುರುಗಾ ಕೂರಿಸಿದರೆ ಅದು ಹೊತ್ತಿ ಉರಿಯಬಹುದು. 16 ವೋಲ್ಟಿನದಿದ್ದ ಕಡೆ 25 ವೋಲ್ಟಿನದು ಹಾಕುವುದು ಕ್ಷೇಮ.

ನಿಮ್ಮ ಅಟ್ಟದಲ್ಲಿಯೂ ಇಂಥದ್ದೊಂದು ಇದ್ದರೆ ಮಳೆ ಶುರುವಾಗುವ ಮೊದಲೇ ಕೆಳಗಿಳಿಸಿ. ಪಿಕ್ಚರ್ ಟ್ಯೂಬ್ ಇರುವ ಯಂತ್ರವಾದರೆ ಟಿವಿ ರಿಪೇರಿ ಗೊತ್ತಿರುವವರನ್ನು ಪಕ್ಕದಲ್ಲಿರಿಸಿಕೊಂಡೇ ಕವಚ ಬಿಚ್ಚಿ, ಪ್ಲಗ್ ಕಿತ್ತ ಮೇಲೂ ಒಳಗೆ ಹೆಚ್ಚಿನ ವೋಲ್ಟೇಜ್ ಉಳಿದಿರುತ್ತದೆ. ಕೆಪಾಸಿಟರಿನ ಕೆಲಸಕ್ಕೆ ಈಗಲೇ ಪುರುಸೊತ್ತಿಲ್ಲದಿದ್ದರೆ ಬೋರ್ಡಿನ ಮೇಲಿನ ಬ್ಯಾಟರಿಯನ್ನಾದರೂ ಇವತ್ತೇ ತೆಗೆದುಬಿಡಿ. ಅದು ಸೋರಿದರೆ ಕೆಪಾಸಿಟರಿಗಿಂತ ದೊಡ್ಡ ಹಾನಿ.